ಏರ್ ರೈಫಲ್‌ಗೆ ಸ್ಪ್ರಿಂಗ್, ಸ್ಕೋಪ್ ತಗೊಳ್ಳೋ ಮುಂಚೆ ದಯವಿಟ್ಟು ಇದನ್ನ ಓದಿ

ನಮ್ಮ ಕಡೆ ಏರ್ ರೈಫಲ್ ಇಟ್ಟುಕೊಂಡವರು ಇದನ್ನು ಪೂರ್ತಿ ಓದಿ. 7,200 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಮರ್ಯಾದೆ ಹೋಯಿತು.

ನನ್ನದು ಬ್ಯಾರಲ್ ಬಗ್ಗಿಸಿ ಪೆಲೆಟ್ (ಸಣ್ಣ ಗುಂಡು) ಹಾಕುವ ಸ್ಪ್ರಿಂಗ್ ರೈಫಲ್, ಬ್ಯಾರಲ್ಲಿನ ಒಳ ಅಳತೆ 0.177 ಇಂಚು. ಗಂಗಾವತಿಯಲ್ಲಿ ಮನೆ ಹಿಂದೆ 10 ಮೀಟರ್ ಅಳೆದು, ಮರಳು ಚೀಲದ ಮುಂದೆ ಟಾರ್ಗೆಟ್ ಪೇಪರ್ ಇಟ್ಟು ಭಾನುವಾರ ಹೊಡೆಯುತ್ತೇನೆ. ಆರು ವರ್ಷಕ್ಕೆ ಸ್ಪ್ರಿಂಗ್ ಸೋತಿತ್ತು. ಹೊಸ ಸ್ಪ್ರಿಂಗ್, ಪಿಸ್ಟನ್ ವಾಷರ್ ಬೇಕಿತ್ತು. ಅಷ್ಟೇ ಬೇಕಿತ್ತು.

ಬಳ್ಳಾರಿಯ ಒಬ್ಬ ಮಾರುವವನ ನಂಬರ್ ಸಿಕ್ಕಿತು. 'ಸುಮ್ನೆ ಸ್ಪ್ರಿಂಗ್ ಯಾಕಣ್ಣಾ, ಫುಲ್ ಕಿಟ್ ಹಾಕ್ಸಿ. ಇಂಪೋರ್ಟೆಡ್ ಮಾಲು, ಜೊತೆಗೆ ಸ್ಕೋಪೂ ಬರುತ್ತೆ. ಪವರ್ ಡಬಲ್' ಅಂದ. ಡಬಲ್ ಅಂದ್ರೆ ಪೆಲೆಟ್ಟಿನ ಶಕ್ತಿ 20 ಜೂಲ್ ದಾಟಲ್ವಾ ಅಂತ ಕೇಳಿದೆ. 'ಯಾರಣ್ಣಾ ಅಳೆಯೋರು?' ಅಂದ.

ಅಲ್ಲೇ ಫೋನ್ ಇಡಬೇಕಿತ್ತು. 2016ರ ಆಯುಧ ನಿಯಮದಲ್ಲಿ ಲೈಸೆನ್ಸ್ ಬೇಡ ಅಂತಿರುವುದು 20 ಜೂಲ್ ಒಳಗಿನ, 0.177 ದಾಟದ ಏರ್ ರೈಫಲ್‌ಗೆ ಮಾತ್ರ. ದಾಟಿದರೆ ಸಿಕ್ಕಿಬೀಳುವವನು ನಾನು. ಗೊತ್ತಿದ್ದೂ ದುಡ್ಡು ಹಾಕಿದೆ. ಪೂರ್ತಿ ದುಡ್ಡು, ಮೊದಲೇ.

ಮೂರು ದಿನಕ್ಕೆ ಪಾರ್ಸಲ್ ಬಸ್ಸಲ್ಲಿ ಬಂತು. ಸ್ಪ್ರಿಂಗಿನ ಎರಡೂ ತುದಿ ಉಜ್ಜಿ ಚಪ್ಪಟೆ ಮಾಡಿರಬೇಕು ಅಲ್ವಾ? ಇದನ್ನು ಕಟರ್‌ನಲ್ಲಿ ಕತ್ತರಿಸಿ ಹಾಗೇ ಬಿಟ್ಟಿದ್ದಾರೆ. ಹಿಡಿದ ಕೂಡಲೇ ಹೆಬ್ಬೆರಳು ಗೀರಿತು. ವಾಷರ್ ಟ್ಯೂಬಿನೊಳಗೆ ಬಿಗಿಯಾಗಿ ಕೂರಬೇಕು, ಗಾಳಿ ತಡೆಯಬೇಕಾದ್ದೇ ಅದು. ಟ್ಯೂಬ್ ಸ್ವಲ್ಪ ಓರೆ ಮಾಡಿದೆ, ತಾನಾಗಿ ಜಾರಿ ಅಂಗೈಗೆ ಬಿತ್ತು. ಇನ್ನೊಮ್ಮೆ ಹಾಕಿದೆ, ಇನ್ನೊಮ್ಮೆ ಬಿತ್ತು. ಸ್ಪ್ರಿಂಗ್ ಅಂತೂ ಎಷ್ಟು ಉದ್ದ ಅಂದರೆ, ಅದರ ಸುತ್ತುಗಳು ಒಂದಕ್ಕೊಂದು ತಾಗಿ ಬ್ಯಾರಲ್ ಅರ್ಧಕ್ಕೇ ನಿಂತಿತು. ಕಾಕ್ ಆಗಲೇ ಇಲ್ಲ, ಅಂದರೆ ಸ್ಪ್ರಿಂಗ್ ಪೂರ್ತಿ ಹಿಂದಕ್ಕೆ ಹೋಗಿ ಕೊಂಡಿಗೆ ಸಿಕ್ಕಲೇ ಇಲ್ಲ.

ಹಳೇ ಸ್ಪ್ರಿಂಗನ್ನೇ ಮತ್ತೆ ಹಾಕಿ, ಗುರಿ ನೋಡುವ ಸ್ಕೋಪಾದರೂ ನೋಡೋಣ ಅಂತ ಕೂತೆ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಆಮೇಲೆ ಮುಂದಕ್ಕೆ. ಆ ಎರಡು ಕಡೆಯ ಏಟು ತಡೆಯುವಂತೆ ಮಾಡಿದ ಸ್ಕೋಪೇ ಬೇಕು. ಹದಿನೈದನೇ ಪೆಲೆಟ್ ಹೊಡೆಯುವಷ್ಟರಲ್ಲಿ ಸ್ಕೋಪಿನ ಒಳಗಿನ ಗುರಿಯ ಗೆರೆ ಓರೆಯಾಯಿತು. ಮೇಲಿದ್ದ ಬಂಗಾರದ ಬಣ್ಣದ ಸ್ಟಿಕ್ಕರ್ ಉಗುರಿಂದ ಎಬ್ಬಿಸಿದೆ. ಕೆಳಗೆ ಬೇರೆಯೇ ಹೆಸರು ಅಚ್ಚಾಗಿತ್ತು. ಸ್ಟಿಕ್ಕರ್ ಬೆರಳಿಗೆ ಅಂಟಿಕೊಂಡಿದೆ, ನಾನು ಹಾಗೇ ನೋಡುತ್ತಾ ಕೂತಿದ್ದೇನೆ. ಮೋಸ ಹೋದೆ ಅಂತ ಆಗ ಗೊತ್ತಾಯಿತು.

ಫೋನ್ ಮಾಡಿದೆ. 'ನಿಮ್ಮ ರೈಫಲ್ಲೇ ಹಳೇದು ಅಣ್ಣಾ.' ಫೋಟೋ ಕಳಿಸಿದೆ. 'ಫಿಟ್ಟಿಂಗ್ ಗೊತ್ತಿಲ್ಲದೋರು ಮಾಡಿದ್ರೆ ಹಿಂಗೇ ಆಗೋದು.' ಸ್ಟಿಕ್ಕರ್ ಫೋಟೋ ಕಳಿಸಿದೆ. 'ಸ್ಟಿಕ್ಕರ್ ಕಿತ್ತಿದ್ದೀರಿ, ಇನ್ನು ವಾಪಸ್ ತಗೊಳ್ಳಲ್ಲ.' ಸ್ಟಿಕ್ಕರ್ ಕೀಳದೆ ಮೋಸ ಗೊತ್ತಾಗೋದು ಹೇಗೆ ಸ್ವಾಮಿ? ಕಂಪ್ಲಿ ದಾಟಿ ಬಳ್ಳಾರಿಗೇ ಹೋದೆ. 'ಓನರ್ ಊರಲ್ಲಿಲ್ಲ' ಅಂದರು. ಫೋನಲ್ಲಿ ಅಣ್ಣಾ ಅಣ್ಣಾ ಅಂದ ಅದೇ ದನಿ, ಅದೇ ಮನುಷ್ಯ, ನನ್ನ ಮುಖ ನೋಡಿಕೊಂಡೇ ಹೇಳಿದ.

ಪವರ್ ಡಬಲ್ ಅಂದವನ ಹತ್ತಿರ ಏನೂ ತಗೋಬೇಡಿ. ಹಳೇ ಸ್ಪ್ರಿಂಗ್ ಕೈಯಲ್ಲೇ ಹಿಡಿದುಕೊಂಡು ಹೋಗಿ. ತಂತಿಯ ದಪ್ಪ, ಸುತ್ತು, ಉದ್ದ ಮೂರೂ ಕೂಡಬೇಕು. ವಾಷರ್ ಟ್ಯೂಬಲ್ಲಿ ಕೂರಿಸಿ ನೋಡದೆ ದುಡ್ಡು ಕೊಡಬೇಡಿ. ಮೊದಲೇ ಪೂರ್ತಿ ದುಡ್ಡಂತೂ ಬೇಡವೇ ಬೇಡ.

ಇನ್ನೊಂದು ಹೇಳಲೇಬೇಕು. ಪಾರ್ಸಲ್ ಬರುವ ಮುಂಚೆಯೇ ಸಿಂಧನೂರಿನ ನನ್ನ ಗೆಳೆಯನಿಗೆ 'ಒಳ್ಳೇ ಮನುಷ್ಯ, ಧೈರ್ಯವಾಗಿ ತಗೋ' ಅಂತ ಅದೇ ನಂಬರ್ ಕೊಟ್ಟಿದ್ದೆ. ಅವನೂ ಸ್ಕೋಪ್ ತಗೊಂಡ. ನಿನ್ನೆ ರಾತ್ರಿ ಅವನಿಂದ ಒಂದು ಫೋಟೋ ಬಂತು. ಒಳಗಿನ ಗೆರೆ ಓರೆ. ಒಂದು ಮಾತೂ ಬರೆದಿಲ್ಲ. ನಾಳೆ ಅವನ ದುಡ್ಡು ನಾನು ಹಾಕುತ್ತಿದ್ದೇನೆ.