ಸ್ಟೀಲ್ ಫೀಡಿಂಗ್ ಬಾಟಲಿ: ನಡುರಾತ್ರಿ ಕೈಹಿಡಿಯಿತು, ಅಳತೆಗೆ ಕೈಕೊಟ್ಟಿತು

ಈ ಬಾಟಲಿಯಲ್ಲಿ ಮಗು ಎಷ್ಟು ಕುಡೀತು ಅಂತ ದೇವರಾಣೆ ಗೊತ್ತಾಗಲ್ಲ. ಎಂಎಲ್ ಗುರುತುಗಳನ್ನ ಒಳಗೋಡೆಗೆ ಒತ್ತಿದ್ದಾರೆ. ಹಾಲು ಹುಯ್ದ ಮೇಲೆ ಇಣುಕಿ ನೋಡಬೇಕು, ನಿಪ್ಪಲ್ ಹಾಕಿದ ಮೇಲೆ ಅದೂ ಇಲ್ಲ. ಜಯನಗರದ ನಮ್ಮ ಮಕ್ಕಳ ಡಾಕ್ಟರು "ಒಂದ್ಸಲಕ್ಕೆ ಎಷ್ಟು ಕುಡೀತಾಳಮ್ಮ?" ಅಂದಾಗೆಲ್ಲ "ಸುಮಾರಾಗಿ ಕುಡೀತಾಳೆ ಸರ್" ಅಂತ ತೇಲಿಸ್ತಿದ್ದೆ. ಈಗ ಕೇಕಿಗೆಂದು ತಂದಿದ್ದ ಅಡುಗೆ ತಕ್ಕಡಿಯಲ್ಲಿ ಕುಡಿಸೋ ಮುಂಚೆ ಒಂದು ತೂಕ, ಕುಡಿಸಿದ ಮೇಲೆ ಒಂದು ತೂಕ. ಚಿನ್ನದಂಗಡಿಯವರಿಗೂ ಇಷ್ಟು ಶಿಸ್ತಿರಲಿಕ್ಕಿಲ್ಲ.

ಹಾಗಾದ್ರೆ ಸ್ಟೀಲೇ ಯಾಕೆ? "ಬಿಪಿಎ ಫ್ರೀ" (ಬಿಪಿಎ ಅಂದ್ರೆ ಕೆಲವು ಪ್ಲಾಸ್ಟಿಕ್ಕಿಗೆ ಬಳಸೋ ಒಂದು ರಾಸಾಯನಿಕ) ಅನ್ನೋ ಚೀಟಿಗೆ ನಾನು ಮರುಳಾಗಲ್ಲ. ಫೀಡಿಂಗ್ ಬಾಟಲಿಗೆ ಬಿಪಿಎ ಕೂಡದು ಅಂತ ನಮ್ಮ ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್‌ನ 2015ರ ಮಾನದಂಡದಲ್ಲೇ ಇದೆ, ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು? ನನ್ನ ತಲೆ ಕೆಡಿಸಿದ್ದು ಬಿಸಿನೀರು. ಫಾರ್ಮುಲಾ ಪುಡಿಯಲ್ಲಿ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೇ ಕನಿಷ್ಠ 70 ಡಿಗ್ರಿ ನೀರಲ್ಲಿ ಕಲಸಿ ಅನ್ನುತ್ತೆ ಡಬ್ಲ್ಯೂಎಚ್‌ಒ. ಅದೇ ಬಿಸಿಗೆ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಬಾಟಲಿಗಳು ಲೀಟರಿಗೆ 1.6 ಕೋಟಿವರೆಗೂ ಮೈಕ್ರೋಪ್ಲಾಸ್ಟಿಕ್ ಕಣ ಬಿಡುತ್ತವೆ ಅಂತ 2020ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು ಲೆಕ್ಕ ಹಾಕಿದರು. ಅದರಿಂದ ಮಕ್ಕಳಿಗೇನಾಗುತ್ತೆ ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ, ಒಪ್ಪಿದೆ. ಬೇಡ ಅನ್ನೋಕೆ ನನಗೆ ಇಷ್ಟು ಸಾಕಾಯ್ತು. ಗಾಜಿನದು ನಮ್ಮನೆ ಮೊಸಾಯಿಕ್ ನೆಲಕ್ಕೆ ಆಗಿಬರಲ್ಲ.

ಸ್ಟೀಲು ಇಷ್ಟು ಬೇಗ ತಣಿಯುತ್ತೆ ಅಂತ ಮಾತ್ರ ನಾನೂ ಎಣಿಸಿರಲಿಲ್ಲ. ರಾತ್ರಿ ಮಗು ಮುಲುಗುಟ್ಟಿದ ತಕ್ಷಣ ಬಿಸಿನೀರಿಗೆ ಪುಡಿ ಹಾಕಿ, ಉದ್ದ ಚಮಚದಲ್ಲಿ ಕದಡಿ, ಮೇಲೊಂದು ಪುಟ್ಟ ತಟ್ಟೆ ಮುಚ್ಚಿ, ನಲ್ಲಿ ನೀರು ತುಂಬಿದ ಪಾತ್ರೆಯಲ್ಲಿ ಇಡ್ತೀನಿ. ಮೊದಮೊದಲು ಬಾಟಲಿಯ ಮೈ ಸುಡುತ್ತೆ, ಬಟ್ಟೆ ಬೇಕು. ಒಂದೆರಡು ಸಲ ನೀರು ಬದಲಿಸಿ ತಿರುಗಿಸಿದರೆ ಮುಗೀತು, ಮಣಿಕಟ್ಟಿಗೆ ಎರಡು ಹನಿ ಬಿಟ್ಟು ನೋಡಿ ಕುಡಿಸೋದೇ. ಪ್ಲಾಸ್ಟಿಕ್ಕಾಗಿದ್ದರೆ ಅಷ್ಟರಲ್ಲಿ ಪಕ್ಕದ ಮನೆಯವರೂ ಎದ್ದಿರೋರು.

"ಒಳಲೇಲಿ ಕುಡಿಸಿದ್ರೆ ಈ ರಗಳೆ ಯಾವ್ದೂ ಇಲ್ಲ ಕಣಮ್ಮ" ಅಂತಾರೆ ನಮ್ಮತ್ತೆ. ತಪ್ಪೇನಿಲ್ಲ, ಡಾಕ್ಟರೂ ಅದನ್ನೇ ಹೇಳಿದ್ರು. ನಾನು ಆಫೀಸಿಗೆ ಹೋದಾಗ ನೋಡ್ಕೊಳ್ಳೋ ಹುಡುಗಿಗೆ ಒಳಲೆ ಹಿಡಿಯೋಕೆ ಬರಲ್ಲ, ಅಷ್ಟೇ.

ಬೋರ್‌ವೆಲ್ ನೀರಲ್ಲಿ ಕುದಿಸಿದರೆ ಬಿಳಿ ಪದರ ಕಟ್ಟುತ್ತೆ, ನಿಂಬೆಹುಳಿಗೆ ಹೋಗುತ್ತೆ. ಪ್ಲಾಸ್ಟಿಕ್ ಬಾಟಲಿಯ ಮೂರು ಪಟ್ಟು ಬೆಲೆ ಕೊಟ್ಟಿದ್ದಕ್ಕೂ ಈಗ ಹೊಟ್ಟೆ ಉರಿಯಲ್ಲ. ಆದರೆ ನಿಪ್ಪಲ್ ಹಿಡಿದಿಡೋ ಕತ್ತಿನ ಬಳೆ ಇದರಲ್ಲೂ ಪ್ಲಾಸ್ಟಿಕ್ಕೇ, ಅದಕ್ಕೇ ಹಾಲು ತಣಿದ ಮೇಲಷ್ಟೇ ತಿರುಗಿಸ್ತೀನಿ. ಆ ಬಳೆ ಸೀಳಿದರೆ ಬಿಡಿಯಾಗಿ ಮಾರಲ್ಲವಂತೆ, ಪೂರ್ತಿ ಬಾಟಲಿಯೇ ಕೊಳ್ಳಬೇಕಂತೆ. ಒಂದು ಸ್ಟಾರ್ ಕತ್ತರಿಸಿದ್ದು ಅದಕ್ಕೆ, ಇನ್ನೊಂದು ಆ ಒಳಗಿನ ಗುರುತುಗಳಿಗೆ.