ಬ್ಯಾಟರಿ ಇದ್ದ ಸೋಲಾರ್, ಬ್ಯಾಟರಿ ಇಲ್ಲದ ಸೋಲಾರ್: ಒಂದೇ ತಾರಸಿಯಲ್ಲಿ ಎರಡನ್ನೂ ಬಳಸಿದ ಮೇಲೆ

ನನ್ನ ಒಲವು ಯಾವುದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿಯ ಗೊಡವೆಯಿಲ್ಲದೆ ನೇರವಾಗಿ ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಜಾಲಕ್ಕೆ, ಜೋಡಿಸುವ ಆನ್‌ಗ್ರಿಡ್ ವ್ಯವಸ್ಥೆಯೇ ನನಗೆ ಹಿಡಿಸಿದ್ದು. ಆದರೆ ನಾನು ಮೊದಲು ಕೊಂಡದ್ದು ಅದಲ್ಲ. ಗ್ರಿಡ್‌ಗೆ ವಿದ್ಯುತ್ ಕಳುಹಿಸದ, ಬ್ಯಾಟರಿಯ ಆಫ್‌ಗ್ರಿಡ್ ವ್ಯವಸ್ಥೆಯನ್ನು ನಾಲ್ಕು ವರ್ಷ ಸಾಕಿದೆ. ಆಮೇಲೆ ಅದೇ ಫಲಕಗಳನ್ನು ಉಳಿಸಿಕೊಂಡು, ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್ ಮಾತ್ರ ಬದಲಿಸಿದೆ. ಹೀಗಾಗಿ ನನ್ನ ಹೋಲಿಕೆಯಲ್ಲಿ ತಾರಸಿ ಅದೇ, ಬಿಸಿಲು ಅದೇ, 335 ವ್ಯಾಟ್‌ನ ಒಂಬತ್ತು ಫಲಕಗಳೂ ಅವೇ. ಲೆಕ್ಕ ಮಾತ್ರ ತೀರಾ ಬೇರೆ.

ಮೊದಲ ಸಲ ಬ್ಯಾಟರಿ ಆರಿಸಿಕೊಳ್ಳಲು ಕಾರಣವಿತ್ತು. ‘ನಮ್ಮ ವಿದ್ಯುತ್ತನ್ನು ನಾವೇ ಕೂಡಿಟ್ಟು ನಾವೇ ಬಳಸುತ್ತೇವೆ’ ಎಂಬ ಮಾತು ಕೇಳಲು ಬಹಳ ಚೆನ್ನಾಗಿರುತ್ತದೆ. ಫಲಕ ಅಳವಡಿಸಲು ಬಂದವರೂ ಅದನ್ನೇ ಹೇಳಿದರು. ತಲಾ 12 ವೋಲ್ಟ್, 150 ಆಂಪಿಯರ್ ಅವರ್‌ನ ನಾಲ್ಕು ಸೀಸ-ಆಮ್ಲದ ಬ್ಯಾಟರಿಗಳನ್ನು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಸಾಲಾಗಿ ಕೂರಿಸಿದರು. ಎಲ್ಲ ಗುಣಿಸಿ ಸಾವಿರದಿಂದ ಭಾಗಿಸಿದರೆ 7.2 ಯೂನಿಟ್ (ಕಿಲೋವ್ಯಾಟ್ ಅವರ್). ಆದರೆ ಸೀಸದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಬೇಗ ಕರಗುತ್ತದೆ. ಹಾಗಾಗಿ ಕೈಗೆ ಸಿಗುವುದು 3.6 ಯೂನಿಟ್ ಮಾತ್ರ. ಇಷ್ಟು ನನಗೆ ಕೊಳ್ಳುವಾಗಲೇ ಗೊತ್ತಿತ್ತು.

ಗೊತ್ತಿಲ್ಲದೆ ಇದ್ದದ್ದು ಇನ್ನೊಂದು. ಅದು ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು. 3 ಕಿಲೋವ್ಯಾಟ್ ಫಲಕಗಳು ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ಕೊಡಬೇಕು. ನನ್ನ ಇನ್ವರ್ಟರಿನ ಪರದೆಯಲ್ಲಿ ಸಂಜೆ ಕಾಣುತ್ತಿದ್ದುದು ಆರು, ಹೆಚ್ಚೆಂದರೆ ಏಳು. ಫಲಕದಲ್ಲೇ ದೋಷವಿದೆ ಎಂದುಕೊಂಡು ತೊಳೆದೆ, ತಂತಿಗಳನ್ನು ಪರೀಕ್ಷಿಸಿದೆ, ಅಳವಡಿಸಿದವರನ್ನು ಎರಡು ಸಲ ಕರೆಸಿದೆ. ‘ಎಲ್ಲ ಸರಿಯಾಗಿದೆ’ ಎಂದು ಹೇಳಿ ಹೋದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ವಿದ್ಯುತ್ ಎಲ್ಲಿ ಹೋಗುತ್ತಿದೆ ಎಂಬುದನ್ನು ಯಾರೂ ಹೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪರದೆಯ ಮುಂದೆ ನಿಂತಿದ್ದೆ. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಫಲಕಗಳಿಂದ ಬರುತ್ತಿದ್ದುದು 420 ವ್ಯಾಟ್. ಪಕ್ಕದ ಕೋಣೆಯಲ್ಲಿ ಯಾರೋ ಇಸ್ತ್ರಿ ಪೆಟ್ಟಿಗೆ ಹಚ್ಚಿದರು. ಅಂಕಿ ಒಮ್ಮೆಗೇ 1,430ಕ್ಕೆ ನೆಗೆಯಿತು. ಪೆಟ್ಟಿಗೆ ಕಾದು ತಾನಾಗಿ ಆರಿದಾಗ ಮತ್ತೆ 420. ಹೋಗಿ ನೀರಿನ ಪಂಪನ್ನೂ ಹಾಕಿ ಬಂದೆ. ಇಸ್ತ್ರಿಯೂ ಉರಿಯುತ್ತಿದ್ದಾಗ 2,100 ದಾಟಿತು. ಎರಡನ್ನೂ ಆರಿಸಿದೆ, ಇಳಿಯಿತು. ಹತ್ತು ನಿಮಿಷ ಹೀಗೆ ಹಾಕುವುದು ಆರಿಸುವುದು ಮಾಡುತ್ತಾ ನಿಂತೆ. ಫಲಕಗಳಿಗೆ ಏನೂ ಆಗಿರಲಿಲ್ಲ. ಕೇಳಿದವರಿದ್ದರೆ ಅವು ಕೊಡುತ್ತಿದ್ದವು, ಕೇಳುವವರೇ ಇರಲಿಲ್ಲ.

ಕಾರಣ ಬ್ಯಾಟರಿಯ ಸ್ವಭಾವದಲ್ಲಿದೆ. ಸೀಸದ ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್ ಹರಿಸುವುದು ವಾಡಿಕೆ. 150ಕ್ಕೆ 15 ಆಂಪಿಯರ್. ನಾಲ್ಕು ಬ್ಯಾಟರಿಗಳ ಸರಣಿಯಲ್ಲಿ ಚಾರ್ಜ್ ಆಗುವಾಗ ಸುಮಾರು 54 ವೋಲ್ಟ್ ಇದ್ದರೆ, ಅದು ನುಂಗುವುದು 800 ವ್ಯಾಟ್‌ನಷ್ಟೇ. ತುಂಬುತ್ತಾ ಬಂದಂತೆ ಅದೂ ಇಳಿಯುತ್ತದೆ. ಕೊನೆಯ ಹತ್ತಿಪ್ಪತ್ತು ಪ್ರತಿಶತ ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಂದರೆ ಬಿಸಿಲು ನೆತ್ತಿಯ ಮೇಲಿರುವ ಹೊತ್ತಿಗೇ ಬ್ಯಾಟರಿ ‘ಇನ್ನು ಸಾಕು’ ಎನ್ನುತ್ತದೆ. ಮನೆಯಲ್ಲಿ ಆಗ ಒಂದು ಫ್ಯಾನು, ಒಂದು ಫ್ರಿಜ್. ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ನಿಯಂತ್ರಕವು ಫಲಕಗಳ ಬಾಯಿ ಕಟ್ಟುತ್ತದೆ. ಉತ್ಪಾದನೆಯಾಗಿ ಪೋಲಾಗುವುದಲ್ಲ, ಉತ್ಪಾದನೆಯೇ ಆಗುವುದಿಲ್ಲ. ಆದ್ದರಿಂದಲೇ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಾಗೆಂದು ಬ್ಯಾಟರಿ ಹೆಚ್ಚಿಸೋಣವೆಂದರೆ ಖರ್ಚು ದುಪ್ಪಟ್ಟು. ಮಳೆಗಾಲದಲ್ಲಿ ಅಷ್ಟನ್ನೂ ತುಂಬಲು ಬಿಸಿಲಿರುವುದಿಲ್ಲ. ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಉಳಿದ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಸಾಮರ್ಥ್ಯ ಕುಗ್ಗುತ್ತದೆ.

ಆಮೇಲೆ ಆರೈಕೆ. ಎರಡು ಮೂರು ತಿಂಗಳಿಗೊಮ್ಮೆ ಇಪ್ಪತ್ತನಾಲ್ಕು ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಟರ್ಮಿನಲ್ಲುಗಳಲ್ಲಿ ಕಟ್ಟಿದ ಬಿಳಿ-ನೀಲಿ ಹುಡಿಯನ್ನು ಒರೆಸಬೇಕು. ಗಾಳಿಯಾಡುವ ಜಾಗವೂ ಬೇಕು, ಏಕೆಂದರೆ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಇದಕ್ಕೆಲ್ಲ ನಾನು ಬೇಸರಪಟ್ಟವನಲ್ಲ. ಬೇಸರವಾದದ್ದು ನಾಲ್ಕನೇ ವರ್ಷ, ರಾತ್ರಿ ಹತ್ತಕ್ಕೇ ಇನ್ವರ್ಟರ್ ಕೂಗಲು ಶುರುಮಾಡಿದಾಗ. ಆ ದಿನ ಕುಳಿತು ಲೆಕ್ಕ ಹಾಕಿದೆ. ದಿನಕ್ಕೆ 3.6 ಯೂನಿಟ್‌ನಂತೆ ನಾಲ್ಕು ವರ್ಷ. ಕೊನೆಕೊನೆಗೆ ಕುಗ್ಗಿದ್ದನ್ನು ಕಳೆದರೆ ಬ್ಯಾಟರಿಗಳು ಒಟ್ಟು ಕೊಟ್ಟದ್ದು 5,000 ಯೂನಿಟ್ ಮೀರಿರಲಾರದು. ಬ್ಯಾಟರಿಗೆ ಕೊಟ್ಟ ಹಣವನ್ನು ಅದರಿಂದ ಭಾಗಿಸಿದೆ. ಗ್ರಿಡ್‌ನಿಂದ ಕೊಳ್ಳುವ ಯೂನಿಟ್ಟಿಗಿಂತ ನಾನು ಕೂಡಿಟ್ಟ ಯೂನಿಟ್ಟೇ ತುಟ್ಟಿಯಾಗಿತ್ತು. ಫಲಕದ ಖರ್ಚನ್ನು ಇನ್ನೂ ಸೇರಿಸಿಯೇ ಇರಲಿಲ್ಲ.

ಹೊಸ ಬ್ಯಾಟರಿಗೆಂದು ಎತ್ತಿಟ್ಟಿದ್ದ ಹಣದಲ್ಲೇ ಆನ್‌ಗ್ರಿಡ್ ಇನ್ವರ್ಟರ್ ಬಂತು. ಮೂರು ಮೂರರ ಗುಂಪಾಗಿದ್ದ ಫಲಕಗಳನ್ನು ಒಂಬತ್ತರ ಒಂದೇ ಸಾಲಾಗಿ ಜೋಡಿಸಿದರು. ಹಾಗೆ ಜೋಡಿಸಿದಾಗ ತಂತಿಯಲ್ಲಿ 300 ವೋಲ್ಟ್‌ಗೂ ಮಿಕ್ಕಿದ ಡಿಸಿ ವಿದ್ಯುತ್ ಇರುತ್ತದೆ, ಮನೆಮಂದಿ ಕೈಹಾಕುವ ಕೆಲಸವಲ್ಲ. ಒಳಬಂದದ್ದನ್ನೂ ಹೊರಹೋದದ್ದನ್ನೂ ಬೇರೆ ಬೇರೆಯಾಗಿ ಎಣಿಸುವ ಮೀಟರ್ ಕೂತಿತು. ಮೊದಲ ವಾರದಲ್ಲೇ ಒಂದು ಸಂಜೆ ಪರದೆ 12.3 ಯೂನಿಟ್ ತೋರಿಸಿತು. ಅವೇ ಫಲಕಗಳು! ಒಂದೂವರೆ ವರ್ಷ ಅವುಗಳನ್ನು ದೂರಿದ್ದಕ್ಕೆ ನಿಜಕ್ಕೂ ಸಂಕಟವಾಯಿತು. ಈಗ ಮಧ್ಯಾಹ್ನ ಮನೆಗೆ ಬೇಡವಾದದ್ದು ಹೊರಗೆ ಹರಿಯುತ್ತದೆ, ಬೇರೆ ಯಾರದೋ ಮನೆಯಲ್ಲಿ ಉರಿಯುತ್ತದೆ, ನನ್ನ ಬಿಲ್ಲಿನಲ್ಲಿ ಜಮೆಯಾಗುತ್ತದೆ.

ಇದರಲ್ಲೂ ಒಂದು ತೊಡಕಿದೆ, ಅನೇಕರು ಕೊಂಡ ಮೇಲೆ ತಿಳಿದು ಸಿಟ್ಟಾಗುತ್ತಾರೆ. ಗ್ರಿಡ್‌ನಲ್ಲಿ ವಿದ್ಯುತ್ ಹೋದರೆ, ಸುಡುಬಿಸಿಲಿದ್ದರೂ ನಿಮ್ಮ ಸೋಲಾರ್ ಕೂಡ ನಿಲ್ಲುತ್ತದೆ. ತಂತಿ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ವಿದ್ಯುತ್ ಹೊಡೆಯಬಾರದಲ್ಲ, ಅದಕ್ಕಾಗಿ ಇನ್ವರ್ಟರ್ ಕ್ಷಣಾರ್ಧದಲ್ಲಿ ಕಳಚಿಕೊಳ್ಳುತ್ತದೆ. ಆ ಕಾರಣ ನನಗೆ ಪೂರ್ತಿ ಒಪ್ಪಿಗೆ. ನನ್ನ ಮನೆಯಲ್ಲಿ ವಿದ್ಯುತ್ ಹೋಗುವುದೂ ಅಪರೂಪ, ಹೋದರೂ ಅರ್ಧ ಗಂಟೆ. ಹಳೆಯ ನಾಲ್ಕರಲ್ಲಿ ಸ್ವಲ್ಪ ಜೀವವಿದ್ದ ಒಂದು ಬ್ಯಾಟರಿಯನ್ನು ಸಣ್ಣ ಇನ್ವರ್ಟರ್‌ಗೆ ಹಾಕಿ ದೀಪಗಳಿಗೂ ಇಂಟರ್ನೆಟ್ಟಿಗೂ ಇಟ್ಟುಕೊಂಡಿದ್ದೇನೆ. ಅಷ್ಟು ಸಾಕಾಗಿದೆ.

ಹೊರಹೋದ ಯೂನಿಟ್ಟಿಗೆ ಏನು ಸಿಗುತ್ತದೆ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ವಿಚಾರಿಸಿ. ಕೆಲವೆಡೆ ಕೊಟ್ಟ ಯೂನಿಟ್ಟಿಗೆ ಪಡೆದ ಯೂನಿಟ್ಟನ್ನು ನೇರವಾಗಿ ವಜಾ ಮಾಡುತ್ತಾರೆ. ಕೆಲವೆಡೆ ಕೊಟ್ಟದ್ದಕ್ಕೆ ಕಡಿಮೆ ದರ, ಕೊಂಡದ್ದಕ್ಕೆ ಹೆಚ್ಚು ದರ. ಎರಡನೆಯ ಪದ್ಧತಿಯಿದ್ದರೆ ಹಗಲಲ್ಲೇ ಬಳಸಿಕೊಳ್ಳುವವರಿಗೆ ಮಾತ್ರ ಒಳ್ಳೆಯ ಲಾಭ. ನಿಗದಿತ ಶುಲ್ಕವಂತೂ ಸೋಲಾರ್ ಇದ್ದರೂ ಬಿಲ್ಲಿನಲ್ಲಿ ಉಳಿಯುತ್ತದೆ.

ನೆರಳು ಎರಡಕ್ಕೂ ಶತ್ರು. ಒಂದು ಫಲಕದ ಮೂಲೆಗೆ ಬಿದ್ದ ನೆರಳೂ ಅದರ ಮೂರನೇ ಒಂದು ಭಾಗವನ್ನು ನಿದ್ದೆಗೆ ದೂಡಬಲ್ಲದು. ತೊಳೆಯುವ ಕೆಲಸ ಎರಡಕ್ಕೂ ಒಂದೇ.

ಬೇಸಿಗೆಯಲ್ಲಿ ನಿರಾಸೆಪಡಬೇಡಿ. ಫಲಕದ ಮೇಲೆ ಬರೆದ ವ್ಯಾಟ್, ಅದರೊಳಗಿನ ಕೋಶಗಳು 25 ಡಿಗ್ರಿಯಲ್ಲಿರುವಾಗಿನದು. ತಾರಸಿಯಲ್ಲಿ ಅವು 60 ಮುಟ್ಟುತ್ತವೆ. ಪ್ರತಿ ಡಿಗ್ರಿಗೆ ಸುಮಾರು 0.35 ಪ್ರತಿಶತದಂತೆ ಹಿಡಿದರೂ 12 ಪ್ರತಿಶತ ಅಲ್ಲೇ ಹೋಯಿತು. ನನ್ನ ಅತಿ ಹೆಚ್ಚಿನ ಅಂಕಿ ಬಂದದ್ದು ಮಳೆ ಬಿಟ್ಟ ಮರುದಿನ, ತಣ್ಣನೆ ಗಾಳಿ ಬೀಸುತ್ತಿದ್ದ ಹೊಳೆಯುವ ಬಿಸಿಲಿನಲ್ಲಿ.

ನನ್ನ ತೀರ್ಮಾನಕ್ಕೆ ನನ್ನ ದಿನಚರಿಯೂ ಕಾರಣ. ಮನೆಯಿಂದಲೇ ಕೆಲಸ ಮಾಡುತ್ತೇನೆ. ಪಂಪು, ಬಟ್ಟೆ ಒಗೆಯುವುದು, ಇಸ್ತ್ರಿ ಎಲ್ಲವನ್ನೂ ಹನ್ನೊಂದರಿಂದ ಮೂರರ ನಡುವೆ ಮುಗಿಸುತ್ತೇನೆ. ವರ್ಷಕ್ಕೆ ಸುಮಾರು 4,000 ಯೂನಿಟ್ ಬರುತ್ತಿದೆ, ಹಾಕಿದ ಹಣ ಏಳನೇ ವರ್ಷಕ್ಕೆ ವಾಪಸ್ ಬರಬೇಕು. ಫಲಕಗಳಿಗೆ 25 ವರ್ಷದ ಉತ್ಪಾದನಾ ವಾರಂಟಿ ಇದೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ನಡುವೆ ಒಮ್ಮೆ ಬದಲಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿದಿದ್ದೇನೆ.

ನನ್ನ ತಂಗಿ ಇದನ್ನೇ ಕೇಳಿದಾಗ ಮಾತ್ರ ಬೇರೆ ಉತ್ತರ ಕೊಟ್ಟೆ. ಅವಳ ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ವಿದ್ಯುತ್ ಇರುವುದಿಲ್ಲ, ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅವಳಿಗೆ ಬ್ಯಾಟರಿಗೂ ಗ್ರಿಡ್‌ಗೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬೇಕು, ಅದೂ ಲಿಥಿಯಂ ಬ್ಯಾಟರಿಯೊಂದಿಗೆ. ಲಿಥಿಯಂ ಬೇಗ ತುಂಬುತ್ತದೆ, ನೀರು ಬೇಡುವುದಿಲ್ಲ, ಸಾವಿರಾರು ಸಲ ಆಳವಾಗಿ ಖಾಲಿ ಮಾಡಿದರೂ ತಾಳುತ್ತದೆ. ಮಿಕ್ಕದ್ದು ಗ್ರಿಡ್‌ಗೆ ಹೋಗುತ್ತದೆ, ನನ್ನ ಹಳೆಯ ಸಂಕಟ ಅವಳಿಗಿಲ್ಲ. ಎಷ್ಟು ದೊಡ್ಡ ಬ್ಯಾಟರಿ ಎಂದು ಅಂಗಡಿಯವರನ್ನು ಕೇಳುವ ಮೊದಲು, ಒಂದು ವಾರ ಸಂಜೆ ಆರಕ್ಕೂ ಬೆಳಿಗ್ಗೆ ಆರಕ್ಕೂ ಮೀಟರ್ ಓದಿ ಬರೆದಿಡು ಎಂದಿದ್ದೇನೆ. ನಿನ್ನೆ ಮೂರು ದಿನದ ರಾತ್ರಿ ಬಳಕೆಯ ಅಂಕಿ ಕಳುಹಿಸಿದ್ದಾಳೆ: 4.1, 3.8, 4.4 ಯೂನಿಟ್. ಉಳಿದ ನಾಲ್ಕು ದಿನದ್ದೂ ಬಂದ ಮೇಲೆ ಇಬ್ಬರೂ ಕುಳಿತು ಬ್ಯಾಟರಿಯ ಗಾತ್ರ ನಿರ್ಧರಿಸಬೇಕು.