ಹಳೇ ಹಂಚಿನ ಕಾರ್ಖಾನೆ ಪಾರ್ಕ್: ಹಿಂದಿನ ಅರ್ಧಕ್ಕೆ ಹೋಗಿ

ಹೊಳೆ ಬದಿಯ ಮುಚ್ಚಿಹೋದ ಹಂಚಿನ ಕಾರ್ಖಾನೆ ಈಗ ಪಾರ್ಕ್ ಆಗಿದೆಯಂತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ ಕಡೆಯವರು ಕೇಳುತ್ತಿರುತ್ತಾರೆ. ಧಾರಾಳವಾಗಿ ಹೋಗಿ. ಆದರೆ ಜಾರುಬಂಡಿ, ಕಾರಂಜಿ ಇರುವ ಮುಂಭಾಗದಲ್ಲೇ ಕೂತು ಎದ್ದು ಬರಬೇಡಿ. ಸೀದಾ ಹಿಂದಕ್ಕೆ ನಡೆಯಿರಿ.

ಅಲ್ಲಿರುವುದು ಆವೆಮಣ್ಣು ತೆಗೆದ ಗುಂಡಿಗಳು. 1865ರಲ್ಲಿ ಜರ್ಮನ್-ಸ್ವಿಸ್ ಪಾದ್ರಿಗಳ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಹೊಳೆ ಬದಿಗಳಲ್ಲಿ ಇಂಥವು ಎಷ್ಟೋ ಎದ್ದವು, ಬೈಲಿನ ಮಣ್ಣು ಅಗೆದು ಅಗೆದು ಹಂಚಾಯಿತು, ಆಮೇಲೆ ಎಲ್ಲರೂ ಟೆರೇಸ್ ಮನೆ ಕಟ್ಟತೊಡಗಿದಾಗ ಒಂದೊಂದೇ ಬಾಗಿಲು ಹಾಕಿದವು. ಗುಂಡಿಗಳಲ್ಲಿ ಈಗ ನೀರು ನಿಂತು ಕೆರೆಯಾಗಿದೆ. ಪುಣ್ಯಕ್ಕೆ ಇಲ್ಲಿಗೆ ಕಂಟ್ರಾಕ್ಟರ್ ಕಾಲಿಟ್ಟಿಲ್ಲ. ದಡ ಇಳಿಜಾರಾಗಿಯೇ ಇದೆ, ಜೊಂಡು ಬೆಳೆದಿದೆ. ಹುಂಡುಕೋಳಿ, ಮಿಂಚುಳ್ಳಿ, ನೀರುಕಾಗೆ ಎಲ್ಲ ಸಿಗುತ್ತವೆ. ಒಡೆದ ಹಂಚಿನ ರಾಶಿಯನ್ನೂ ಹಾಗೇ ಬಿಟ್ಟಿದ್ದಾರೆ. ಕಸ ಅಂತ ಮೂಗು ಮುರಿಯಬೇಡಿ, ಅರಣೆ, ಕಪ್ಪೆ ಎಲ್ಲ ಅಡಗುವುದು ಆ ಸಂದುಗಳಲ್ಲೇ. (ಹಾವೂ ಇರಬಹುದು. ಕೈ ಹಾಕಬೇಡಿ.)

ಅಕೇಶಿಯಾ ಕಡಿದು ಊರಿನ ಗಿಡಗಳನ್ನೇ ನೆಟ್ಟಿದ್ದಾರೆ. ಕೇಪಳ, ನೆಕ್ಕರೆ, ಕುಂಟಲ, ಸುರಗಿ, ಜೊತೆಗೆ ಜಿಲ್ಲೆಯ ಮರ ಅಂತ ಘೋಷಣೆಯಾದ ಕಾಸರಕ. ಬೇಲಿಗೆ ಈಶ್ವರ ಬಳ್ಳಿ ಹಬ್ಬಿಸಿದ್ದು ಯಾರ ತಲೆಯೋ, ಅವರಿಗೆ ಒಂದು ಸ್ಟಾರ್ ಜಾಸ್ತಿ. ಕರ್ನಾಟಕದ ರಾಜ್ಯ ಚಿಟ್ಟೆ, ಆ ಕಪ್ಪು-ಹಳದಿ ದೊಡ್ಡದು, ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆ. ಹೂವಿನ ಗಿಡ ಎಷ್ಟು ನೆಟ್ಟರೂ ಮರಿಹುಳಕ್ಕೆ ತಿನ್ನುವ ಎಲೆ ಇಲ್ಲದಿದ್ದರೆ ಚಿಟ್ಟೆ ಸುಮ್ನೆ ಬಂದು ಹೋಗುತ್ತದೆ, ಅಷ್ಟೇ.

ಇನ್ನು ಮುಂಭಾಗ. ಇಂಟರ್‌ಲಾಕ್, ಲಾನ್, ನೆಟ್ಟಗೆ ಸಿಮೆಂಟ್ ಗೋಡೆ ಎಬ್ಬಿಸಿದ ಕೊಳ. ಒಳಗೆ ಬಿದ್ದ ಕಪ್ಪೆಮರಿ ಹತ್ತಿ ಬರುವುದು ಹೇಗೆ? ಸೊಳ್ಳೆಗೆ ಅಂತ ಗಂಬೂಸಿಯಾ ಮೀನು ಬೇರೆ ಬಿಟ್ಟಿದ್ದಾರೆ, ಅದು ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಎಲ್ಲಕ್ಕಿಂತ ಸಿಟ್ಟು ಬರುವುದು ಫ್ಲಡ್‌ಲೈಟ್ ನೋಡಿ. ಕತ್ತಲಾಗುವಾಗ ಗೇಟು ಹಾಕುತ್ತಾರೆ, ಮತ್ತೆ ರಾತ್ರಿಯಿಡೀ ಲೈಟ್ ಯಾರಿಗೆ? ಮಿಂಚುಹುಳಗಳು ಜೋಡಿ ಹುಡುಕುವುದೇ ತಮ್ಮ ಮಿಣುಕು ಬೆಳಕಿನಿಂದ, ಈ ಝಗಮಗದಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು?

ಚಿಮಣಿ ಕೆಡವುವ ಮಾತೂ ಕೇಳಿಬರುತ್ತಿದೆ. ದಯವಿಟ್ಟು ಬೇಡ. ಜರ್ಮನಿಯ ಡೂಯಿಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಕುಲುಮೆ ಸಮೇತ ಉಳಿಸಿಕೊಂಡೇ ಪಾರ್ಕ್ ಮಾಡಿದ್ದಾರೆ. ನಮಗೆ ಹಂಚು ಮಾಡಲು ಕಲಿಸಿದವರೂ ಆ ಕಡೆಯವರೇ ಅಲ್ವಾ, ಇದನ್ನೂ ಕಲಿತರಾಯಿತು.

ಬೋರ್ಡುಗಳೆಲ್ಲ ಮಲಯಾಳ, ಇಂಗ್ಲಿಷ್. ಬರುವ ಶಾಲೆ ಮಕ್ಕಳಲ್ಲಿ ಕನ್ನಡ ಮೀಡಿಯಂನವರೇ ಜಾಸ್ತಿ. ಗಿಡಗಳ ಹೆಸರು ನಾವೇ ಬರೆದು ಕೊಡುತ್ತೇವೆ ಅಂದಿದ್ದಕ್ಕೆ "ನೋಡುವ ಮಾಷ್ಟ್ರೇ" ಅಂದರು ಪಾರ್ಕಿನವರು. ಇನ್ನೂ ನೋಡುತ್ತಿದ್ದಾರೆ.

ಬೆಳಿಗ್ಗೆ ಬೇಗ ಹೋದರೆ ಹಕ್ಕಿಗಳು ಸಿಗುತ್ತವೆ. ಶೌಚಾಲಯ ಪರವಾಗಿಲ್ಲ. ಕುಡಿಯುವ ನೀರಿಲ್ಲ, ಗೇಟಿನ ಹೊರಗೆ ಬೊಂಡ ಸಿಗುತ್ತದೆ. ಐದರಲ್ಲಿ ಮೂರೂವರೆ. ಫ್ಲಡ್‌ಲೈಟ್ ತೆಗೆದರೆ ನಾಲ್ಕು ಕೊಡುತ್ತೇನೆ.